ನಾಯಿಮರಿಗೆ ಲಸಿಕೆ ಹಾಕಿಸಿದ ಮೇಲೆ ಮಂಕಾದರೆ, ಮುಖ ಊದಿದರೆ, ಬೇಧಿಯಾದರೆ: ಮೊದಲು ಗಡಿಯಾರ ನೋಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಗೆ ಒಂದು ಪಗ್ ಮರಿ ತಂದಿದ್ದೇವೆ. ಈಗ ಒಂಬತ್ತು ವಾರ. ಶನಿವಾರ ಬೆಳಿಗ್ಗೆ ಮೊದಲ ಲಸಿಕೆ ಹಾಕಿಸಿದೆವು. ಸಂಜೆಯಿಂದ ಮಂಕಾಗಿ ಮಲಗಿಬಿಟ್ಟಿತು. ರಾತ್ರಿ ಊಟ ಮುಟ್ಟಲಿಲ್ಲ, ಮೈ ಬಿಸಿ ಅನ್ನಿಸಿತು. ಭಾನುವಾರ ಸಂಜೆ ಹೊತ್ತಿಗೆ ಸರಿಹೋಯಿತು. ಆದರೆ ಚುಚ್ಚಿದ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಇದೆ. ಪಕ್ಕದ ಬೀದಿಯವರ ನಾಯಿಗೆ ಲಸಿಕೆ ಹಾಕಿಸಿದ ಮೇಲೆ ಮುಖವೆಲ್ಲ ಊದಿಕೊಂಡಿತ್ತಂತೆ. ಇನ್ನೊಬ್ಬರ ಮರಿ ಲಸಿಕೆಯಾದ ನಾಲ್ಕೇ ದಿನಕ್ಕೆ ರಕ್ತಬೇಧಿಯಾಗಿ ಸತ್ತುಹೋಯಿತಂತೆ. ನಮ್ಮ ಅತ್ತೆಯವರು ‘ಇನ್ನು ಅದಕ್ಕೆ ಸೂಜಿ ಚುಚ್ಚಿಸಬೇಡಿ, ಮನೆಯೊಳಗೇ ಇರುತ್ತಲ್ಲ’ ಅನ್ನುತ್ತಿದ್ದಾರೆ. ಮುಂದಿನ ಡೋಸ್ ಹಾಕಿಸಬೇಕಾ? ಹಾಕಿಸಿದರೆ ಏನೇನು ಆಗಬಹುದು?
(ತುಮಕೂರಿನ ಓದುಗರೊಬ್ಬರು)

ಉತ್ತರ: ಮುಂದಿನ ಡೋಸ್ ಹಾಕಿಸಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನೀವು ನಿಧಾನವಾಗಿ ಓದಬಹುದು.

ನಿಮ್ಮ ಪತ್ರದಲ್ಲಿ ಮೂರು ನಾಯಿಗಳಿವೆ. ನಿಮ್ಮ ಮರಿಗೆ ಆಗಿದ್ದು ನಾವು ನಿರೀಕ್ಷೆ ಮಾಡುವಂಥದ್ದೇ. ಪಕ್ಕದ ಬೀದಿಯ ನಾಯಿಗೆ ಆಗಿದ್ದು ಅಲರ್ಜಿ. ನಾಲ್ಕನೇ ದಿನಕ್ಕೆ ಸತ್ತ ಮರಿಯ ಕತೆ ಪೂರ್ತಿ ಬೇರೆ, ಅದು ಲಸಿಕೆಯಿಂದ ಆದದ್ದೇ ಅಲ್ಲ ಅಂತ ನನ್ನ ಅನುಮಾನ. ಮೂರನ್ನೂ ಸೇರಿಸಿ ‘ಸೈಡ್ ಎಫೆಕ್ಟ್’ ಅಂದುಬಿಟ್ಟರೆ ಗಾಬರಿ ಮಾತ್ರ ಉಳಿಯುತ್ತದೆ. ಇವನ್ನು ಬೇರೆ ಬೇರೆ ಮಾಡಿ ನೋಡೋದಕ್ಕೆ ದೊಡ್ಡ ಪರೀಕ್ಷೆ ಏನೂ ಬೇಡ. ಸೂಜಿ ಚುಚ್ಚಿ ಎಷ್ಟು ಹೊತ್ತಾದ ಮೇಲೆ ಶುರುವಾಯಿತು ಅಂತ ಗೊತ್ತಾದರೆ ಮುಕ್ಕಾಲು ಪಾಲು ಉತ್ತರ ಸಿಕ್ಕಂತೆ. ಫೋನ್ ಮಾಡಿದವರನ್ನು ನಾನು ಮೊದಲು ಕೇಳುವುದೂ ಅದನ್ನೇ: ಎಷ್ಟು ಗಂಟೆಗೆ ಹಾಕಿಸಿದ್ರಿ, ಎಷ್ಟು ಗಂಟೆಗೆ ಶುರುವಾಯ್ತು?

ನಿಮ್ಮ ಮರಿಯಿಂದಲೇ ಶುರು ಮಾಡೋಣ. ಡಾಕ್ಟರು ಎರಡು ಪುಟ್ಟ ಬಾಟಲಿ ತೆಗೆದಿದ್ದನ್ನು ನೀವು ನೋಡಿರಬಹುದು. ಒಂದರ ತಳದಲ್ಲಿ ಬಿಳಿ ಬಿಲ್ಲೆಯಂಥ ಒಣ ಪುಡಿ ಇರುತ್ತದೆ. ಇನ್ನೊಂದರಲ್ಲಿ ದ್ರವ. ದ್ರವವನ್ನು ಸಿರಿಂಜಿಗೆ ಎಳೆದು ಪುಡಿಯ ಬಾಟಲಿಗೆ ಬಿಟ್ಟು, ಮೆಲ್ಲಗೆ ತಿರುಗಿಸಿ ಕರಗಿಸಿ, ಅದನ್ನೇ ಎಳೆದು ಮರಿಯ ಹೆಗಲ ಮೇಲಿನ ಸಡಿಲ ಚರ್ಮ ಎತ್ತಿ ಚುಚ್ಚುತ್ತೇವೆ. ಆ ಒಣ ಬಿಲ್ಲೆಯಲ್ಲಿ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ವೈರಸ್‌ಗಳು ಇರುತ್ತವೆ. ಸತ್ತವಲ್ಲ, ಜೀವಂತ, ಆದರೆ ರೋಗ ತರುವ ಶಕ್ತಿ ಕಳೆದುಕೊಂಡವು. ಅವು ಮರಿಯ ಮೈಯಲ್ಲಿ ಕೆಲವು ದಿನ ನಿಜಕ್ಕೂ ಬೆಳೆಯುತ್ತವೆ. ಮೈಗೆ ಅದು ಗೊತ್ತಾಗುತ್ತದೆ. ಶತ್ರು ಬಂದ ಅಂತ ರಕ್ತದಲ್ಲಿ ಸಂದೇಶ ಹರಿಯುತ್ತದೆ. ಆ ಸಂದೇಶದ ರಾಸಾಯನಿಕಗಳೇ ಜ್ವರ ತರುತ್ತವೆ, ನಿದ್ದೆ ಬರಿಸುತ್ತವೆ, ಹಸಿವು ಕಡಿಮೆ ಮಾಡುತ್ತವೆ. ಅಂದರೆ ಶನಿವಾರ ರಾತ್ರಿ ನೀವು ನೋಡಿದ್ದು ಲಸಿಕೆ ಕೆಲಸ ಮಾಡುತ್ತಿದ್ದುದನ್ನೇ.

ಹಾಗಂತ ಮಂಕಾಗದಿದ್ದರೆ ಲಸಿಕೆ ಹಿಡಿಯಲಿಲ್ಲ ಅಂತಲ್ಲ. ‘ನಮ್ದು ಮನೆಗೆ ಬಂದ ಕೂಡಲೇ ಚಪ್ಪಲಿ ಕಚ್ಚೋಕೆ ಶುರು ಮಾಡ್ತು, ಡುಪ್ಲಿಕೇಟ್ ಔಷಧಿನಾ?’ ಅಂತ ಕೇಳುವವರೂ ಇದ್ದಾರೆ. ಬಹಳಷ್ಟು ಮರಿಗಳಿಗೆ ಏನೂ ಆಗುವುದಿಲ್ಲ. ಅದೂ ಸರಿಯೇ.

ಈ ಮಂಕು ಲಸಿಕೆಯಾದ ಕೆಲವು ಗಂಟೆಗಳಲ್ಲಿ ಶುರುವಾಗಿ, ಸಾಮಾನ್ಯವಾಗಿ ಒಂದು ದಿನದಲ್ಲಿ ಹೋಗುತ್ತದೆ. ಹೆಚ್ಚೆಂದರೆ ಎರಡು ದಿನ. ಮರಿ ಮಲಗಿದ್ದರೂ ಕರೆದಾಗ ತಲೆ ಎತ್ತಬೇಕು, ನೀರು ಕುಡಿಯಬೇಕು, ವಸಡು ಗುಲಾಬಿ ಬಣ್ಣದಲ್ಲಿರಬೇಕು. ಇಷ್ಟಿದ್ದರೆ ಅದರ ಪಾಡಿಗೆ ಬಿಡಿ. ಮಕ್ಕಳು ಎತ್ತಿ ಆಡಿಸಬಾರದು, ಅಷ್ಟೇ. ಮೈ ಮುಟ್ಟಿ ಜ್ವರ ನೋಡಬೇಡಿ. ನಾಯಿಯ ಮೈ ನಮ್ಮ ಕೈಗೆ ಯಾವಾಗಲೂ ಬಿಸಿಯೇ. ಅದರ ಸಾಮಾನ್ಯ ಉಷ್ಣಾಂಶ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೂಗು ಒಣಗಿದೆ, ಬಿಸಿಯಾಗಿದೆ ಅನ್ನುವುದಕ್ಕೂ ಜ್ವರಕ್ಕೂ ಸಂಬಂಧವಿಲ್ಲ. ನೋಡಲೇಬೇಕು ಅಂದರೆ ಮೆಡಿಕಲ್ ಶಾಪಿನ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಗುದದ್ವಾರದಲ್ಲಿ ಇಡಬೇಕು. 103.5 ದಾಟಿದ್ದರೆ, ಅಥವಾ ಎರಡನೇ ದಿನವೂ ಜ್ವರ ಇಳಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ತುಂಬ ಚಿಕ್ಕ ಮರಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅಂಗೈಯಲ್ಲಿ ಹಿಡಿಸುವ ಪಾಮರೇನಿಯನ್, ಚಿವಾವಾ ಮರಿಗಳು ರಾತ್ರಿಯಿಡೀ ಏನೂ ತಿನ್ನದಿದ್ದರೆ ರಕ್ತದ ಸಕ್ಕರೆ ಕುಸಿಯಬಹುದು. ಕಾಲು ತಡವರಿಸುತ್ತದೆ, ನಡುಕ ಬರುತ್ತದೆ, ಕಣ್ಣು ತೇಲಿಸುತ್ತದೆ. ಆಗ ಸ್ವಲ್ಪ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ಬೆರಳಿಗೆ ತೆಗೆದುಕೊಂಡು ವಸಡಿಗೆ ಸವರಿ, ಸೀದಾ ಆಸ್ಪತ್ರೆಗೆ ಹೊರಡಿ. ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನಿಮ್ಮ ಪಗ್ ಅಷ್ಟು ಚಿಕ್ಕದಲ್ಲ, ಆದರೂ ಲಸಿಕೆಯ ದಿನ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ.

ಮನೆಯ ಜ್ವರದ ಮಾತ್ರೆ ಮಾತ್ರ ಬೇಡ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ‘ಸುಮ್ನೆ ಕಾಲು ಭಾಗ ಡೋಲೋ ಕೊಟ್ವಿ’ ಅಂತ ಬರುವವರು ಜಾಸ್ತಿ. ಪ್ಯಾರಸಿಟಮಾಲ್ ಅಳತೆ ಮೀರಿದರೆ ನಾಯಿಯ ಲಿವರ್ ಕೆಡುತ್ತದೆ. ಒಂದೆರಡು ಕೆಜಿ ತೂಗುವ ಮರಿಗೆ ಅಳತೆ ಮೀರೋದಕ್ಕೆ ಹೆಚ್ಚೇನೂ ಬೇಕಾಗಿಲ್ಲ. ಐಬುಪ್ರೊಫೇನ್ ಅಂತೂ ಇನ್ನೂ ಕೆಟ್ಟದ್ದು. ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಹಾಳು ಮಾಡುತ್ತದೆ. ಲಸಿಕೆಯ ಜ್ವರ ತಾನಾಗಿ ಇಳಿಯುತ್ತದೆ. ಮಾತ್ರೆಯಿಂದ ಆದ ತೊಂದರೆ ಹಾಗಲ್ಲ.

ಇನ್ನು ಗಂಟು. ಸೂಜಿ ಹೋದ ಕಡೆ ಮೈಯ ಕಾವಲು ಕೋಶಗಳು ಬಂದು ಸೇರುತ್ತವೆ, ಅದೇ ಗಂಟಾಗಿ ಕೈಗೆ ಸಿಗುತ್ತದೆ. ಎರಡು ಮೂರು ವಾರದಲ್ಲಿ ಕರಗುತ್ತದೆ. ಮುಂದೆ ರೇಬಿಸ್ ಲಸಿಕೆ ಹಾಕಿಸಿದಾಗ ಇದಕ್ಕಿಂತ ದೊಡ್ಡ, ಗಟ್ಟಿ ಗಂಟು ಬಂದರೂ ಗಾಬರಿ ಬೇಡ. ರೇಬಿಸ್ ಲಸಿಕೆಯಲ್ಲಿ ಇರುವುದು ಸತ್ತ ವೈರಸ್. ಅದನ್ನು ಮೈ ಗಮನಿಸಲಿ ಅಂತ ಸಾಮಾನ್ಯವಾಗಿ ಅಲ್ಯೂಮಿನಿಯಂ ಲವಣ ಸೇರಿಸಿರುತ್ತಾರೆ. ಅದು ಚುಚ್ಚಿದ ಜಾಗದಲ್ಲೇ ಸ್ವಲ್ಪ ಕಾಲ ಕೂರುತ್ತದೆ. ಮುಧೋಳದಂಥ ತೆಳು ಚರ್ಮದ, ಗಿಡ್ಡ ಕೂದಲಿನ ನಾಯಿಗಳಲ್ಲಿ ಗಂಟು ದೂರದಿಂದಲೇ ಕಾಣುತ್ತದೆ. ದಟ್ಟ ಕೂದಲಿನ ನಾಯಿಗಳಲ್ಲೂ ಇರುತ್ತದೆ, ಯಾರೂ ನೋಡಿರುವುದಿಲ್ಲ. ತಿಕ್ಕಬೇಡಿ, ಬಿಸಿ ಉಪ್ಪಿನ ಶಾಖ ಬೇಡ, ಅರಿಶಿನ ಹಚ್ಚುವುದೂ ಬೇಡ. ಗಂಟು ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ ತೋರಿಸಿ. ಒಂದು ತಿಂಗಳ ಮೇಲೂ ದೊಡ್ಡದಾಗುತ್ತಲೇ ಇದ್ದರೆ, ಮೂರು ತಿಂಗಳಾದರೂ ಉಳಿದಿದ್ದರೆ ಆಗಲೂ ತೋರಿಸಿ.

ಈಗ ಊದಿದ ಮುಖದ ವಿಷಯ. ಇದು ನಿಮಗೆ ಜಾಸ್ತಿ ಬೇಕಾದದ್ದು, ಯಾಕೆಂದರೆ ನಿಮ್ಮದು ಪಗ್.

ಅಲರ್ಜಿ ತಡ ಮಾಡುವುದಿಲ್ಲ. ಚುಚ್ಚಿದ ಕೆಲವು ನಿಮಿಷದಿಂದ ಕೆಲವು ಗಂಟೆಯೊಳಗೆ ಶುರುವಾಗುತ್ತದೆ. ಮೊದಲು ಮರಿ ಮುಖವನ್ನು ಚಾಪೆಗೋ ಸೋಫಾಕ್ಕೋ ಉಜ್ಜತೊಡಗುತ್ತದೆ. ನೋಡನೋಡುತ್ತಲೇ ಕಣ್ಣಿನ ರೆಪ್ಪೆ, ತುಟಿ, ಮೂತಿ ಊದುತ್ತವೆ. ಪಗ್‌ನಲ್ಲಿ ಮುಖದ ಮಡಿಕೆಗಳೆಲ್ಲ ತುಂಬಿಕೊಂಡು ನುಣ್ಣಗಾಗಿಬಿಡುತ್ತವೆ. ಹೊಟ್ಟೆಯ ಮೇಲೆ, ತೊಡೆಯ ಒಳಭಾಗದಲ್ಲಿ ದದ್ದು ಏಳಬಹುದು. ಕೂದಲಿರುವ ಕಡೆ ದದ್ದು ಎದ್ದರೆ ಅಲ್ಲಲ್ಲಿ ಕೂದಲು ನಿಮಿರಿ ನಿಂತಂತೆ ಕಾಣುತ್ತದೆ. ನೋಡುವುದಕ್ಕೆ ಭಯಂಕರ, ಆದರೆ ಇಷ್ಟೇ ಆಗಿ ಉಸಿರಾಟ ಸರಿಯಾಗಿದ್ದರೆ ಚಿಕಿತ್ಸೆ ಸುಲಭ. ಏವಿಲ್‌ನಂಥ ಅಲರ್ಜಿ ಇಂಜೆಕ್ಷನ್, ಬೇಕಾದರೆ ಸ್ಟಿರಾಯ್ಡ್. ಕೆಲವು ಗಂಟೆಯಲ್ಲಿ ಮುಖ ಮುಖದಂತಾಗುತ್ತದೆ. ಆದರೂ ಮನೆಯಲ್ಲೇ ಕಾಯಬೇಡಿ, ಕರೆದುಕೊಂಡು ಹೋಗಿ. ಮೊದಲೇ ಮೂತಿ ಚಪ್ಪಟೆಯಾದ ತಳಿಗಳಿಗೆ ಉಸಿರಿನ ದಾರಿ ಚಿಕ್ಕದು. ಅಲ್ಲಿ ಊತ ಬಂದರೆ ಕಷ್ಟ. ಹೊರಡುವ ಮೊದಲು ಮೊಬೈಲಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಆಸ್ಪತ್ರೆ ತಲುಪುವ ಹೊತ್ತಿಗೆ ಊತ ಇಳಿದಿರುವುದೂ ಉಂಟು. ಫೋಟೊ ಇಲ್ಲದಿದ್ದರೆ ಅಲರ್ಜಿ ಎಷ್ಟಿತ್ತು ಅಂತ ಡಾಕ್ಟರಿಗೆ ಗೊತ್ತಾಗುವುದಿಲ್ಲ.

ನಿಜವಾಗಿ ಹೆದರಬೇಕಾದ ಅಲರ್ಜಿ ಇನ್ನೊಂದಿದೆ, ಅನಾಫಿಲ್ಯಾಕ್ಸಿಸ್. ಇದು ಅಪರೂಪ. ಬಂದರೆ ಸಾಮಾನ್ಯವಾಗಿ ಚುಚ್ಚಿದ ಮೊದಲ ಅರ್ಧ ಗಂಟೆಯೊಳಗೇ ಬರುತ್ತದೆ. ಮನುಷ್ಯರಲ್ಲಿ ಆದಂತೆ ಉಸಿರು ಕಟ್ಟುತ್ತದೆ ಅಂತ ಜನ ಅದನ್ನೇ ಕಾಯುತ್ತಾರೆ. ನಾಯಿಯಲ್ಲಿ ಹೊಡೆತ ಮೊದಲು ಬೀಳುವುದು ಲಿವರ್ ಮತ್ತು ಕರುಳಿಗೆ. ಲಿವರಿನ ರಕ್ತನಾಳಗಳು ಬಿಗಿದುಕೊಂಡು ರಕ್ತ ಅಲ್ಲೇ ನಿಲ್ಲುತ್ತದೆ, ಹೃದಯಕ್ಕೆ ವಾಪಸ್ ಬರುವುದು ಕಡಿಮೆಯಾಗುತ್ತದೆ. ಅದಕ್ಕೇ ಮೊದಲ ಲಕ್ಷಣ ಸುಮಾರು ಸಲ ದಿಢೀರ್ ವಾಂತಿ, ಬೇಧಿ. ಆಮೇಲೆ ವಸಡು ಬಿಳಿಚಿಕೊಳ್ಳುತ್ತದೆ, ಕಾಲು ತಣ್ಣಗಾಗುತ್ತವೆ, ಮರಿ ಕುಸಿಯುತ್ತದೆ. ಮುಖ ಊದಿರಲೇಬೇಕು ಅಂತಿಲ್ಲ. ಹಾಗಾಗಿ ಲಸಿಕೆ ಹಾಕಿಸಿ ಹದಿನೈದು ನಿಮಿಷಕ್ಕೆ ಕಾರಿನಲ್ಲಿ ವಾಂತಿ ಮಾಡಿ ಸೋತು ಮಲಗಿದರೆ ‘ಗಾಡಿ ಆಗಿಬರಲಿಲ್ಲ’ ಅಂದುಕೊಂಡು ಮನೆಗೆ ಹೋಗಬೇಡಿ. ಗಾಡಿ ತಿರುಗಿಸಿ. ಇದಕ್ಕೆ ಮದ್ದು ಅಡ್ರಿನಲಿನ್, ಜೊತೆಗೆ ಡ್ರಿಪ್. ಸಮಯಕ್ಕೆ ಸಿಕ್ಕರೆ ಬಹಳಷ್ಟು ನಾಯಿಗಳು ಉಳಿಯುತ್ತವೆ.

ಇದೇ ಕಾರಣಕ್ಕೆ ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಕ್ಲಿನಿಕ್‌ನ ಹೊರಗಿನ ಬೆಂಚಿನ ಮೇಲೆ ಕೂರಿ ಅಂತ ನಾವು ಹೇಳುವುದು. ಯಾರೂ ಕೂರುವುದಿಲ್ಲ, ಅದು ಬೇರೆ ಮಾತು. ಮನೆಗೇ ಬಂದು ಲಸಿಕೆ ಹಾಕುವವರು ಈಗ ಎಲ್ಲ ಊರಲ್ಲೂ ಇದ್ದಾರೆ. ಅನುಕೂಲವೇ. ಆದರೆ ಬಂದವರು ಪಶುವೈದ್ಯರಾ, ಅವರ ಬ್ಯಾಗಿನಲ್ಲಿ ಅಡ್ರಿನಲಿನ್ ಇದೆಯಾ, ಕಾಫಿ ಕುಡಿದುಕೊಂಡು ಅರ್ಧ ಗಂಟೆ ಇರ್ತಾರಾ, ಇಷ್ಟು ಕೇಳಿ. ಚುಚ್ಚಿ ಐದು ನಿಮಿಷಕ್ಕೆ ಗೇಟು ದಾಟುವವರು ಬೇಡ. ಬರುವಾಗ ಲಸಿಕೆಯನ್ನು ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ ತಂದರಾ ಅಂತಲೂ ನೋಡಿ. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ ವಸ್ತು. ಪ್ಯಾಂಟಿನ ಜೇಬಿನಲ್ಲಿ ಬಂದ ಲಸಿಕೆಯಿಂದ ಸೈಡ್ ಎಫೆಕ್ಟ್ ಆಗದೇ ಇರಬಹುದು, ರಕ್ಷಣೆಯೂ ಸಿಗುವುದಿಲ್ಲ.

ಇನ್ನೊಂದು ಮಾತು. ಮೊದಲ ಡೋಸ್‌ಗೆ ಅಲರ್ಜಿ ಆಗಲಿಲ್ಲ ಅಂದರೆ ಎರಡನೆಯದಕ್ಕೂ ಆಗುವುದಿಲ್ಲ ಅನ್ನುವ ಹಾಗಿಲ್ಲ. ಮೈ ಒಂದು ವಸ್ತುವನ್ನು ಮೊದಲ ಸಲ ನೋಡಿ ಗುರುತಿಟ್ಟುಕೊಳ್ಳುತ್ತದೆ, ಜಗಳ ತೆಗೆಯುವುದು ಮತ್ತೆ ಸಿಕ್ಕಾಗ. ಆ ವಸ್ತು ಎಷ್ಟೋ ಸಲ ವೈರಸ್ ಆಗಿರುವುದಿಲ್ಲ. ಲಸಿಕೆ ತಯಾರಿಸುವಾಗ ಬಳಸಿದ ಕರುವಿನ ರಕ್ತದ್ರವದ ಪ್ರೊಟೀನು ಅಥವಾ ಕೆಡದಂತೆ ಸೇರಿಸಿದ ಜೆಲಟಿನ್‌ನಂಥದ್ದು ಆಗಿರುತ್ತದೆ. ಆದ್ದರಿಂದ ಎರಡನೇ, ಮೂರನೇ ಡೋಸ್‌ಗೂ ಆ ಬೆಂಚಿನ ಮೇಲೆ ಅರ್ಧ ಗಂಟೆ ಕೂರಬೇಕು.

ಇದೆಲ್ಲ ಎಷ್ಟು ಸಲ ಆಗುತ್ತದೆ? ಅಮೆರಿಕದಲ್ಲಿ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿ ಮಾಡಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಲಸಿಕೆಯಾದ ಮೂರು ದಿನದೊಳಗೆ ವೈದ್ಯರು ಬರೆದಿಟ್ಟ ತೊಂದರೆಗಳು 10,000 ನಾಯಿಗಳಿಗೆ ಸುಮಾರು 38. ಸ್ವಲ್ಪ ಮಂಕಾಗಿ ಮನೆಯಲ್ಲೇ ಸರಿಹೋದವು ಈ ಲೆಕ್ಕಕ್ಕೆ ಬಂದಿರುವುದಿಲ್ಲ, ಅದನ್ನು ನೆನಪಿಡಿ. ಆ ಅಧ್ಯಯನದಲ್ಲಿ ಎದ್ದು ಕಂಡಿದ್ದು ಎರಡು. ಚಿಕ್ಕ ಗಾತ್ರದ ನಾಯಿಗಳಿಗೆ ತೊಂದರೆ ಜಾಸ್ತಿ. ಡ್ಯಾಶ್‌ಹಂಡ್, ಪಗ್, ಚಿವಾವಾ, ಮಿನಿಯೇಚರ್ ಪಿನ್ಶರ್ ಆ ಪಟ್ಟಿಯ ಮೇಲ್ಭಾಗದಲ್ಲಿದ್ದವು. ಒಂದೇ ದಿನ ಹಾಕುವ ಇಂಜೆಕ್ಷನ್‌ಗಳು ಹೆಚ್ಚಿದಷ್ಟೂ ತೊಂದರೆಯೂ ಹೆಚ್ಚು, ಅದರಲ್ಲೂ 10 ಕೆಜಿಗಿಂತ ಕಡಿಮೆ ತೂಕದವಕ್ಕೆ.

ಹಾಗಾದರೆ ಚಿಕ್ಕ ನಾಯಿಗೆ ಅರ್ಧ ಡೋಸ್ ಹಾಕಬಹುದಲ್ವಾ? ಇಲ್ಲ. ಮಾತ್ರೆಯನ್ನು ತೂಕ ನೋಡಿ ಕೊಡುತ್ತೇವೆ, ಲಸಿಕೆಯನ್ನಲ್ಲ. ಗ್ರೇಟ್ ಡೇನ್‌ಗೂ ಪಗ್‌ಗೂ ಬಾಟಲಿ ಒಂದೇ. ಅರ್ಧ ಹಾಕಿದರೆ ರಕ್ಷಣೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ, ಅಲರ್ಜಿಗಂತೂ ಅರ್ಧವೇ ಬೇಕಾದಷ್ಟಾಯಿತು. ಪ್ರಮಾಣ ಕಡಿಮೆ ಮಾಡುವ ಬದಲು ಒಂದೇ ದಿನ ಹಾಕುವ ಇಂಜೆಕ್ಷನ್‌ಗಳನ್ನು ಕಡಿಮೆ ಮಾಡಿ. ಮುಂದಿನ ಭೇಟಿಯಲ್ಲಿ ಡಾಕ್ಟರು ಬಹುಲಸಿಕೆ (ಹಲವು ರೋಗಗಳಿಗೆ ಸೇರಿಸಿ ಹಾಕುವ ಒಂದೇ ಇಂಜೆಕ್ಷನ್) ಮತ್ತು ರೇಬಿಸ್ ಎರಡನ್ನೂ ಒಟ್ಟಿಗೆ ಹಾಕೋಣ ಅಂದರೆ, ‘ಪಗ್ ಅಲ್ವಾ ಸಾರ್, ರೇಬಿಸ್ ಎರಡು ವಾರ ಬಿಟ್ಟು ಹಾಕಿಸೋಣ’ ಅಂತ ನೀವೇ ಕೇಳಬಹುದು. ಎರಡು ಸಲ ಓಡಾಡುವ ಖರ್ಚು ಬಿದ್ದರೂ ಒಳ್ಳೆಯದು.

ಈಗ ಮೂರನೇ ನಾಯಿ, ನಾಲ್ಕನೇ ದಿನ ರಕ್ತಬೇಧಿಯಾಗಿ ಸತ್ತ ಆ ಮರಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಲಸಿಕೆಯಿಂದ ಸಾಯುವ ಮರಿಗಳಿಗಿಂತ ‘ಲಸಿಕೆಯಿಂದಲೇ ಇರಬೇಕು, ಸರಿಹೋಗುತ್ತೆ’ ಅಂತ ಕಾದು ಸಾಯುವ ಮರಿಗಳು ಎಷ್ಟೋ ಜಾಸ್ತಿ.

ಮರಿಗಳಿಗೆ ರಕ್ತಬೇಧಿ ತರುವ ಪಾರ್ವೊ ವೈರಸ್ ಮೈಗೆ ಹೋಗಿ ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ ಕಾಯಿಲೆ ಕಾಣಿಸುತ್ತದೆ. ಕೆಲವೊಮ್ಮೆ ಇನ್ನೂ ತಡ. ಅಂದರೆ ಮರಿ ಲಸಿಕೆಗೆ ಬಂದ ದಿನ ಆರಾಮಾಗಿ ಬಾಲ ಆಡಿಸುತ್ತಿದ್ದರೂ ಒಳಗೆ ರೋಗ ಆಗಲೇ ಕೂತಿರಬಹುದು. ನಮ್ಮಲ್ಲಿ ಮರಿಗಳು ಬರುವ ದಾರಿ ನೋಡಿ. ಎಲ್ಲೋ ಹುಟ್ಟಿ, ಐದಾರು ವಾರಕ್ಕೇ ತಾಯಿಯಿಂದ ಬೇರೆಯಾಗಿ, ಬಸ್ಸಿನಲ್ಲಿ ಬುಟ್ಟಿಯೊಳಗೆ ಕೂತು, ಅಂಗಡಿಯ ಪಂಜರದಲ್ಲಿ ಇನ್ನೂ ಹತ್ತು ಮರಿಗಳ ಜೊತೆ ಇದ್ದು ಮನೆಗೆ ಬರುತ್ತವೆ. ಬಂದ ಎರಡು ದಿನಕ್ಕೆ ಲಸಿಕೆ. ಆಮೇಲೆ ನಾಲ್ಕನೇ ದಿನ ವಾಂತಿ, ಕೆಟ್ಟ ವಾಸನೆಯ ರಕ್ತ ಬೆರೆತ ಬೇಧಿ. ಮನೆಯವರ ಕಣ್ಣಿಗೆ ಕಂಡಿದ್ದು ಸೂಜಿ, ವೈರಸ್ ಕಂಡಿಲ್ಲ. ತಪ್ಪು ಸೂಜಿಯ ತಲೆಗೆ ಬರುತ್ತದೆ.

ಇದರ ಮೇಲೆ ಇನ್ನೊಂದು ತೊಡಕಿದೆ. ಮರಿ ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಲ್ಲಿ ತಾಯಿಯ ರೋಗನಿರೋಧಕ ಪ್ರತಿಕಾಯಗಳು ಬರುತ್ತವೆ. ಅವು ಮರಿಯನ್ನು ಕಾಯುತ್ತವೆ, ಆದರೆ ಲಸಿಕೆಯ ವೈರಸ್ಸನ್ನೂ ಬೆಳೆಯಲು ಬಿಡುವುದಿಲ್ಲ. ವಾರ ಕಳೆದಂತೆ ಅವು ಕಡಿಮೆಯಾಗುತ್ತವೆ. ಒಂದು ಹಂತದಲ್ಲಿ ನಿಜವಾದ ರೋಗವನ್ನು ತಡೆಯುವಷ್ಟು ಉಳಿದಿರುವುದಿಲ್ಲ, ಲಸಿಕೆಯನ್ನು ಕೆಡಿಸುವಷ್ಟು ಮಾತ್ರ ಉಳಿದಿರುತ್ತವೆ. ಯಾವ ಮರಿಗೆ ಇದು ಯಾವ ವಾರ ಅಂತ ಹೊರಗಿನಿಂದ ಹೇಳಲಾಗದು. ಅದಕ್ಕೇ ಒಂದು ಡೋಸ್ ಹಾಕಿ ಮುಗಿಸುವುದಿಲ್ಲ. ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಹಾಕುತ್ತಾ ಹೋಗುವುದು. ಎಲ್ಲಕ್ಕಿಂತ ಮುಖ್ಯವಾದದ್ದು 16 ವಾರ ತುಂಬಿದ ಮೇಲಿನ ಡೋಸ್. ನಮ್ಮ ಜನ ಬಿಟ್ಟುಬಿಡುವುದೂ ಅದನ್ನೇ.

ಆದ್ದರಿಂದ ಲೆಕ್ಕ ಹೀಗಿಟ್ಟುಕೊಳ್ಳಿ. ಲಸಿಕೆಯ ಮಂಕು ಮೊದಲ ದಿನ ಬಂದು ಎರಡನೇ ದಿನದೊಳಗೆ ಹೋಗುತ್ತದೆ. ಎರಡು ದಿನ ಆರಾಮಾಗಿದ್ದು ಮೂರನೇ ದಿನವೋ ಐದನೇ ದಿನವೋ ವಾಂತಿ, ಬೇಧಿ, ಊಟ ಬಿಡುವುದು ಶುರುವಾದರೆ ಲಸಿಕೆಯನ್ನು ಮರೆತುಬಿಡಿ, ಪಾರ್ವೊ ಅಂತಲೇ ಅಂದುಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ. ಅಲ್ಲಿ ಲಸಿಕೆ ಹಾಕಿಸಿದ ತಾರೀಖು ಹೇಳಿ. ಲಸಿಕೆಯ ವೈರಸ್ ಕೂಡ ಕೆಲವು ದಿನ ಮಲದಲ್ಲಿ ಬರುವುದರಿಂದ, ಪರೀಕ್ಷೆಯ ಫಲಿತಾಂಶ ಓದುವಾಗ ಡಾಕ್ಟರಿಗೆ ಆ ತಾರೀಖು ಬೇಕು. ಪಾರ್ವೊ ಮರಿಗೆ ಡ್ರಿಪ್ ಒಂದು ದಿನ ಮೊದಲು ಸಿಗುವುದಕ್ಕೂ ಒಂದು ದಿನ ತಡವಾಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಸುಮ್ಮನೆ ಬೇಧಿಯಾದದ್ದೆಲ್ಲ ಪಾರ್ವೊ ಅಂತಲೂ ಅಲ್ಲ. ಲಸಿಕೆ ಹಾಕಿಸಿಕೊಂಡು ಬಂದ ಪಾಪದ ಮರಿಗೆ ಶಕ್ತಿ ಬರಲಿ ಅಂತ ಅವತ್ತೇ ಹಾಲು, ಮೊಟ್ಟೆ, ಚಿಕನ್ ಲಿವರ್ ಎಲ್ಲ ಕೊಡುತ್ತಾರೆ. ಅದೇ ದಿನ ಜಂತುಹುಳದ ಔಷಧಿಯೂ ಆಗಿರುತ್ತದೆ. ಮರುದಿನ ಬೇಧಿಯಾದರೆ ಯಾವುದರಿಂದ ಅಂತ ಯಾರು ಹೇಳಬೇಕು? ಲಸಿಕೆಯ ಆಚೆ ಈಚೆ ಎರಡು ಮೂರು ದಿನ ಹೊಸದೇನೂ ಬೇಡ. ಹೊಸ ಊಟ, ಹೊಸ ಶಾಂಪೂ, ಉಣ್ಣೆಯ ಔಷಧಿ, ದೂರದ ಪ್ರಯಾಣ ಎಲ್ಲ ಆಮೇಲೆ. ಜಂತುಹುಳದ ಔಷಧಿ ಒಂದು ವಾರ ಮೊದಲೇ ಆಗಿರಲಿ. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಕರೆದುಕೊಂಡು ಬರಬೇಡಿ. ಆಗ ಬರುವ ಸುಸ್ತು ಲಸಿಕೆಯದೋ ಬಿಸಿಲಿನದೋ ನಮಗೂ ಗೊತ್ತಾಗುವುದಿಲ್ಲ.

ಅಪರೂಪದವು ಇನ್ನೂ ಕೆಲವಿವೆ. ಗ್ರೇಟ್ ಡೇನ್, ವೈಮರನರ್‌ನಂಥ ದೊಡ್ಡ ತಳಿಯ ಬೆಳೆಯುವ ಮರಿಗಳಲ್ಲಿ ಲಸಿಕೆಯ ನಂತರದ ದಿನಗಳಲ್ಲಿ ಜ್ವರ ಬಂದು ಕಾಲಿನ ಮೂಳೆಗಳು ಊದಿ ನೋಯುವ ಕಾಯಿಲೆ ಕಂಡುಬಂದಿದೆ. ಮೈ ತನ್ನದೇ ರಕ್ತಕಣಗಳನ್ನು ನಾಶ ಮಾಡಿಕೊಳ್ಳುವ ಕಾಯಿಲೆಗೂ ಲಸಿಕೆಗೂ ನಂಟಿದೆಯಾ ಅನ್ನುವ ಚರ್ಚೆ ಹಳೆಯದು, ಇನ್ನೂ ಇತ್ಯರ್ಥವಾಗಿಲ್ಲ. ಹೊಟ್ಟೆಯ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆ ಕಂಡರೆ, ವಸಡು ಬಿಳಿಚಿದರೆ ಅದು ಯಾವ ಕಾರಣಕ್ಕಾದರೂ ತುರ್ತೇ. ಪೂಡಲ್‌ನಂಥ ಚಿಕ್ಕ, ಉದ್ದ ಕೂದಲಿನ ನಾಯಿಗಳಲ್ಲಿ ರೇಬಿಸ್ ಲಸಿಕೆ ಚುಚ್ಚಿದ ಜಾಗದಲ್ಲಿ ಕೆಲವು ತಿಂಗಳ ಮೇಲೆ ದುಂಡಗೆ ಕೂದಲು ಉದುರುವುದುಂಟು. ಇನ್ನು ‘ಕಣ್ಣು ನೀಲಿಯಾಗುತ್ತೆ’ ಅನ್ನುವ ಭಯ ಹಿಂದಿನ ಕಾಲದ ಹೆಪಟೈಟಿಸ್ ಲಸಿಕೆಯದು. ಈಗಿನ ಲಸಿಕೆಯಲ್ಲಿ ಅದಕ್ಕಿಂತ ಸುರಕ್ಷಿತವಾದ ಬೇರೆ ವೈರಸ್ ಬಳಸುತ್ತಾರೆ.

ನಿಮ್ಮ ಅತ್ತೆಯವರ ಮಾತಿಗೆ ಬರೋಣ. ಅವರ ವಯಸ್ಸಿನವರಿಗೆ ನಾಯಿ ಮತ್ತು ಸೂಜಿ ಅಂದರೆ ನೆನಪಾಗುವುದು ಹೊಕ್ಕುಳ ಸುತ್ತ ಚುಚ್ಚುತ್ತಿದ್ದ 14 ಇಂಜೆಕ್ಷನ್. ಅದು ನಾಯಿ ಕಚ್ಚಿದ ಮನುಷ್ಯರಿಗೆ ಕೊಡುತ್ತಿದ್ದ, ಕುರಿಯ ಮಿದುಳಿನಿಂದ ಮಾಡಿದ ಹಳೆಯ ಲಸಿಕೆ. ಅದರಿಂದ ಕೆಲವರಿಗೆ ನರಗಳ ತೊಂದರೆಯೂ ಆಗುತ್ತಿತ್ತು. ಹಾಗಾಗಿ ಅವರ ಭಯ ಸುಮ್ಮನೆ ಬಂದದ್ದಲ್ಲ. ಭಾರತದಲ್ಲಿ ಅದರ ತಯಾರಿಕೆ 2004ರಲ್ಲೇ ನಿಂತಿತು. ಈಗ ನಾಯಿಗಳಿಗೆ ಹಾಕುವ ರೇಬಿಸ್ ಲಸಿಕೆ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಂದ ತಯಾರಾಗುತ್ತದೆ. ಇದನ್ನು ಅವರಿಗೆ ಹೀಗೇ ಹೇಳಿ ನೋಡಿ, ವಾದ ಮಾಡಬೇಡಿ.

‘ಮನೆಯೊಳಗೇ ಇರುತ್ತಲ್ಲ’ ಅನ್ನುವುದಕ್ಕೆ ಉತ್ತರ ನಿಮ್ಮ ಚಪ್ಪಲಿ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಬೀದಿಯಲ್ಲಿ ತುಳಿದದ್ದು ಚಪ್ಪಲಿಯ ಜೊತೆ ಹೊಸ್ತಿಲು ದಾಟುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಸಾಯುವ ಜಾತಿಯಲ್ಲ ಅದು, ಬ್ಲೀಚ್ ಬೇಕು. ಇಲಿಯಂತೂ ನಿಮ್ಮನ್ನು ಕೇಳಿ ಒಳಗೆ ಬರುವುದಿಲ್ಲ. ಇಲಿಯ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ, ನಾಯಿಯಿಂದ ಮನುಷ್ಯರಿಗೂ ಬರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದರ ಕಾಟ ಇನ್ನೂ ಹೆಚ್ಚು. ಬಹುಲಸಿಕೆಯಲ್ಲಿ ಅಲರ್ಜಿ ತರುವುದು ಇದೇ ಲೆಪ್ಟೊ ಭಾಗ ಅಂತ ಹಿಂದಿನಿಂದ ಒಂದು ಅಪವಾದವಿದೆ, ಹಾಗಾಗಿ ಕೆಲವರು ಚಿಕ್ಕ ನಾಯಿಗಳಿಗೆ ಬಿಡಿಸುತ್ತಾರೆ. ನಮ್ಮ ಊರುಗಳಲ್ಲಿ ಬಿಡುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅಲರ್ಜಿ ಆದ ನಾಯಿಯಾದರೆ ಅದನ್ನೊಂದನ್ನೇ ಬೇರೆ ದಿನ ಹಾಕಬಹುದು. ರೇಬಿಸ್ ಬಗ್ಗೆ ಚರ್ಚೆಯೇ ಇಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆಯೇ ಇಲ್ಲದ ಕಾಯಿಲೆ ಅದು. ಮರಿಗಳಿಗೆ ಬರುವುದಿಲ್ಲ ಅನ್ನುವುದೂ ಸುಳ್ಳು.

ನಿಮ್ಮ ಮರಿಗೆ ಈಗ ಒಂಬತ್ತು ವಾರ. 12ನೇ ವಾರದ ಹೊತ್ತಿಗೆ ಎರಡನೇ ಬಹುಲಸಿಕೆ. ಎರಡು ವಾರ ಬಿಟ್ಟು ರೇಬಿಸ್. 16 ವಾರ ತುಂಬಿದ ಮೇಲೆ ಮೂರನೇ ಬಹುಲಸಿಕೆ. ಆಮೇಲೆ ಆರು ತಿಂಗಳಿಗೆ ಇನ್ನೊಂದು ಹಾಕಿಸಿದರೆ ಒಳ್ಳೆಯದು ಅಂತ ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹಿಂದೆ ಇದನ್ನು ವರ್ಷ ತುಂಬಿದಾಗ ಹಾಕುತ್ತಿದ್ದರು, ಈಗಲೂ ಹಲವರು ಹಾಗೇ ಮಾಡುತ್ತಾರೆ. ಅಲ್ಲಿಂದ ಮುಂದೆ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್‌ಗೆ ಪ್ರತಿವರ್ಷ ಬೇಕಾಗಿಲ್ಲ, ಮೂರು ವರ್ಷಕ್ಕೊಮ್ಮೆ ಸಾಕು. ಲೆಪ್ಟೊ ಮಾತ್ರ ಪ್ರತಿವರ್ಷ ಬೇಕು. ರೇಬಿಸ್ ಕೂಡ ನಮ್ಮಲ್ಲಿ ವರ್ಷಕ್ಕೊಮ್ಮೆ ಹಾಕುವುದು ರೂಢಿ. ಖರ್ಚಿನ ಯೋಚನೆ ಇದ್ದರೆ, ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು, ವಿಚಾರಿಸಿ.

ಮುಂದಿನ ಸಲ ಹೋಗುವಾಗ ಶನಿವಾರ ಆದದ್ದನ್ನು ಡಾಕ್ಟರಿಗೆ ಹೇಳಿ. ಎಷ್ಟು ಗಂಟೆಗೆ ಮಂಕಾಯಿತು, ಎಷ್ಟು ಹೊತ್ತಿಗೆ ಊಟ ಮಾಡಿತು, ಗಂಟು ಈಗ ಎಷ್ಟಿದೆ. ಇದನ್ನು ಕೇಳಿ ಅವರು ಲಸಿಕೆ ನಿಲ್ಲಿಸುವುದಿಲ್ಲ, ನಿಲ್ಲಿಸಬೇಕಾದ್ದೂ ಇಲ್ಲ. ಪಕ್ಕದ ಬೀದಿಯವರಿಗೂ ಒಂದು ಮಾತು ಹೇಳಿ. ಅವರ ನಾಯಿಗೂ ಲಸಿಕೆ ಪೂರ್ತಿ ಬಿಡಬೇಕಾಗಿಲ್ಲ. ಬೇರೆ ಕಂಪನಿಯದನ್ನು ಹಾಕಬಹುದು, ಮೊದಲೇ ಅಲರ್ಜಿ ಇಂಜೆಕ್ಷನ್ ಕೊಡಬಹುದು, ಬೆಳಿಗ್ಗೆ ಹಾಕಿ ಮಧ್ಯಾಹ್ನದವರೆಗೆ ಕ್ಲಿನಿಕ್‌ನಲ್ಲೇ ಇಟ್ಟುಕೊಳ್ಳಬಹುದು. ಅನಾಫಿಲ್ಯಾಕ್ಸಿಸ್ ಆಗಿದ್ದ ನಾಯಿಯಾದರೆ ಮಾತ್ರ ಯಾವುದು ಬೇಕು, ಯಾವುದು ಬೇಡ ಅಂತ ಡಾಕ್ಟರು ಒಂದೊಂದಾಗಿ ತೂಗಿ ನೋಡಬೇಕಾಗುತ್ತದೆ.

ನೀವು ಬೆಳಿಗ್ಗೆ ಹೊತ್ತೇ ಹಾಕಿಸಿ, ಅದೂ ವಾರದ ಮಧ್ಯದಲ್ಲಿ. ಶನಿವಾರ ಸಂಜೆ ಹಾಕಿಸಿದರೆ ತೊಂದರೆ ಆಗುವ ಹೊತ್ತಿಗೆ ಕ್ಲಿನಿಕ್‌ಗಳ ಬಾಗಿಲು ಹಾಕಿರುತ್ತದೆ. ಮನೆಗೆ ಹೊರಡುವ ಮೊದಲು ಲಸಿಕೆ ಪುಸ್ತಕ ತೆರೆದು ನೋಡಿ. ಬಾಟಲಿಯ ಸ್ಟಿಕ್ಕರ್ ಅಂಟಿಸಿರಬೇಕು, ಅದರಲ್ಲಿ ಬ್ಯಾಚ್ ನಂಬರ್, ಮುಗಿಯುವ ತಾರೀಖು ಕಾಣಬೇಕು. ತೊಂದರೆಯಾದರೆ ಡಾಕ್ಟರು ಕಂಪನಿಗೆ ತಿಳಿಸುವಾಗ ಕೇಳುವುದು ಆ ನಂಬರನ್ನೇ. ಸ್ಟಿಕ್ಕರ್ ಪಕ್ಕದಲ್ಲಿ ಯಾವ ಕಡೆ ಚುಚ್ಚಿದರು, ಎಷ್ಟು ಗಂಟೆಗೆ ಅಂತ ಪೆನ್ನಿನಲ್ಲಿ ನೀವೇ ಬರೆದುಕೊಳ್ಳಿ. ರೇಬಿಸ್ ಲಸಿಕೆಯನ್ನು ಇನ್ನೊಂದು ಕಡೆ ಹಾಕಲು ಹೇಳಿ. ಆಗ ಗಂಟು ಬಂದರೆ ಯಾವ ಲಸಿಕೆಯದು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.